16 ದಿನ ಪೋಸ್ಟ್ ಬರದೇ ಇದ್ದಾಗ

ನಿಮ್ಮ ಮನೆಗೆ ಕೊನೇ ಸಲ ಪೋಸ್ಟ್‌ನಲ್ಲಿ ಏನು ಬಂತು, ನೆನಪಿದೆಯಾ? ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ಬಾಡಿಗೆ ಮನೆಗಳಲ್ಲಿರೋ ನಮ್ಮಂಥವರಿಗೆ ಒಂದು ಪಾಸ್‌ಪೋರ್ಟು, ಒಂದು ಎಟಿಎಂ ಕಾರ್ಡು, ಹೆಚ್ಚೆಂದರೆ ಡ್ರೈವಿಂಗ್ ಲೈಸೆನ್ಸು. ಉಳಿದದ್ದೆಲ್ಲ ಫೋನಿಗೇ ಬರುತ್ತೆ, ಸಂಬಳದ ಮೆಸೇಜಿಂದ ಹಿಡಿದು ಮದುವೆ ಕರೆಯೋಲೆವರೆಗೆ. ಹಾಗಾಗಿ ಅಂಚೆ ನೌಕರರ ಮುಷ್ಕರ ಅಂತ ಸುದ್ದಿ ಕಂಡರೆ ನಮ್ಮ ಹೆಬ್ಬೆರಳು ಅಲ್ಲಿ ನಿಲ್ಲೋದೇ ಇಲ್ಲ.

ಆದರೆ ಅಂಚೆ ನಿಂತಾಗ ಎಲ್ಲರಿಗೂ ಒಂದೇ ಥರ ನಿಲ್ಲೋದಿಲ್ಲ. ಇದು ಅರ್ಥ ಆಗಬೇಕಾದರೆ 2018ರ ಬೇಸಿಗೆಯ ಕೊನೆಯ ಆ 16 ದಿನಗಳನ್ನ ಒಂದು ಹಳ್ಳಿ ಕೇರಿಯಿಂದ ನೋಡಬೇಕು.

ಆ ವರ್ಷ ಮೇ 22ರಂದು ದೇಶದ ಗ್ರಾಮೀಣ ಡಾಕ್ ಸೇವಕರು ಅನಿರ್ದಿಷ್ಟ ಮುಷ್ಕರ ಶುರು ಮಾಡಿದರು. ನಿಮಗೆ ನೆನಪಿಲ್ಲದಿದ್ದರೆ ಆಶ್ಚರ್ಯ ಇಲ್ಲ. ಕರ್ನಾಟಕದಲ್ಲಿ ಆಗಷ್ಟೇ ವಿಧಾನಸಭೆ ಚುನಾವಣೆ ಮುಗಿದು ಯಾರಿಗೂ ಬಹುಮತ ಬಂದಿರಲಿಲ್ಲ. ಮೇ 19ಕ್ಕೆ ಯಡಿಯೂರಪ್ಪ ರಾಜೀನಾಮೆ ಕೊಟ್ಟಿದ್ದರು, ಮೇ 23ಕ್ಕೆ ಕುಮಾರಸ್ವಾಮಿ ಪ್ರಮಾಣವಚನ. ಟೀವಿ ತುಂಬ ರೆಸಾರ್ಟು, ಬಸ್ಸು, ಶಾಸಕರ ಲೆಕ್ಕ. ಅದರ ನಡುವೆ ಹಳ್ಳಿಯ ಪೋಸ್ಟ್ ಆಫೀಸಿನ ಬಾಗಿಲು ಮುಚ್ಚಿದ್ದು ಯಾರ ಕಣ್ಣಿಗೆ ಬೀಳಬೇಕು?

ಪೇಟೆಯಲ್ಲಂತೂ ಗೊತ್ತಾಗಲೇ ಇಲ್ಲ. ಯಾಕಂದರೆ ಪೇಟೆಯ ಪೋಸ್ಟ್‌ಮನ್ ಇಲಾಖೆಯ ಕಾಯಂ ನೌಕರ. ಅವರು ಮುಷ್ಕರದಲ್ಲಿ ಇರಲಿಲ್ಲ. ನಿಂತಿದ್ದು ಹಳ್ಳಿಯ ಬ್ರಾಂಚ್ ಪೋಸ್ಟ್ ಆಫೀಸುಗಳು. ಆಗ ದೇಶದಲ್ಲಿದ್ದ ಒಟ್ಟು ಸುಮಾರು 1.55 ಲಕ್ಷ ಅಂಚೆ ಕಚೇರಿಗಳಲ್ಲಿ 1.29 ಲಕ್ಷದಷ್ಟು ಇಂಥ ಬ್ರಾಂಚ್ ಆಫೀಸುಗಳೇ ಆಗಿದ್ದವು. ಅಂದರೆ ಹೊರಗಿಂದ ನೋಡಿದರೆ ಅಂಚೆ ಇಲಾಖೆ ನಡೀತಾನೇ ಇತ್ತು, ಕೊನೆಯ ಏಳೆಂಟು ಕಿಲೋಮೀಟರ್ ಮಾತ್ರ ಇರಲಿಲ್ಲ.

ಆ ದಿನಗಳಲ್ಲಿ ನಾನು ಊರಲ್ಲಿದ್ದೆ. ಮಲೆನಾಡಿನ ಸಣ್ಣ ಊರು. ನಮ್ಮ ಪೋಸ್ಟ್ ಆಫೀಸು ಅಂದರೆ ಪೋಸ್ಟ್ ಮಾಸ್ತರ ಮನೆಯ ಜಗಲಿಗೆ ಅಂಟಿಕೊಂಡ ಒಂದು ಕೋಣೆ. ಬೆಳಗಿನ ಬಸ್ಸಿಗೆ ಪೇಟೆಯಿಂದ ಟಪ್ಪಾಲಿನ ಚೀಲ ಬರುತ್ತೆ. ಮಾಸ್ತರು ಚೀಲ ಬಿಚ್ಚಿ, ಲೆಕ್ಕ ತಾಳೆ ನೋಡಿ, ಟಪ್ ಟಪ್ ಅಂತ ಮೊಹರು ಹೊಡೆದು ಕಾಗದ ವಿಂಗಡಿಸ್ತಾರೆ. ಹಂಚೋಕೆ ಇನ್ನೊಬ್ಬರು ಸೈಕಲ್ಲಲ್ಲೋ ಬೈಕಲ್ಲೋ ಹೊರಡ್ತಾರೆ. ಮಧ್ಯಾಹ್ನದ ಬಸ್ಸಿಗೆ ಚೀಲ ವಾಪಸ್. ಇಷ್ಟೇ ಕೆಲಸ ಅನ್ನಿಸುತ್ತೆ. ಇಷ್ಟು ನಿಂತರೆ ಏನೇನು ನಿಲ್ಲುತ್ತೆ ಅನ್ನೋದು ಗೊತ್ತಾಗೋಕೆ ಒಂದು ವಾರ ಬೇಕಾಯ್ತು.

ಮೊದಲು ನಿಂತಿದ್ದು ಪಿಂಚಣಿ

ಮೊದಲ ಮೂರ್ನಾಲ್ಕು ದಿನ ಕೇರಿಯಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ. ಅದೃಷ್ಟಕ್ಕೆ ಆ ವರ್ಷ ಅಧಿಕ ಜ್ಯೇಷ್ಠ ಮಾಸ ಬಂದಿತ್ತು, ಮೇ ನಡುವಿಂದ ಜೂನ್ ನಡುವಿನವರೆಗೆ. ಅಧಿಕ ಮಾಸದಲ್ಲಿ ಮದುವೆ, ಗೃಹಪ್ರವೇಶ ಇಡೋದಿಲ್ಲ. ಇಲ್ಲದಿದ್ದರೆ ಲಗ್ನಪತ್ರಿಕೆ ಮುಟ್ಟದೇ ಎಷ್ಟು ಮನೆಗಳಲ್ಲಿ ಮುನಿಸು ಹುಟ್ಟುತ್ತಿತ್ತೋ! ಅಂಚೆಯಲ್ಲಿ ಬರೋ ಮಾಸಪತ್ರಿಕೆ ಬರಲಿಲ್ಲ ಅಂತ ಅಪ್ಪ ಎರಡು ಸಲ ಗೊಣಗಿದರು, ಅಷ್ಟೇ.

ತಿಂಗಳ ಕೊನೆ ಹತ್ತಿರ ಬಂದ ಹಾಗೆ ಚಿತ್ರ ಬದಲಾಯ್ತು. ಸಂಧ್ಯಾ ಸುರಕ್ಷಾ, ವಿಧವಾ ವೇತನ, ಅಂಗವಿಕಲರ ವೇತನ ಆಗ ಎಷ್ಟೋ ಮಂದಿಗೆ ಮನಿಯಾರ್ಡರ್ ಮೂಲಕ ಬರುತ್ತಿತ್ತು. ಪೋಸ್ಟ್‌ಮನ್ ಮನೆಗೆ ಬಂದು, ಹೆಬ್ಬೆಟ್ಟು ಒತ್ತಿಸಿಕೊಂಡು, ನೋಟು ಎಣಿಸಿ ಕೈಗೆ ಕೊಡೋದು. ಸಂಧ್ಯಾ ಸುರಕ್ಷಾದ ಮೊತ್ತ ಆಗಿನ್ನೂ ತಿಂಗಳಿಗೆ ಸಾವಿರ ರೂಪಾಯಿ ಮುಟ್ಟಿರಲಿಲ್ಲ. ನಮ್ಮಲ್ಲಿ ಒಂದು ಶನಿವಾರದ ಊಟಕ್ಕೆ ಖರ್ಚಾಗೋ ದುಡ್ಡು ಅದು.

ನಮ್ಮ ಆಚೆಮನೆ ಅಜ್ಜಿಗೆ ಅದೇ ಇಡೀ ತಿಂಗಳ ಸ್ವಂತ ದುಡ್ಡು. ಊಟಕ್ಕೆ ಮಗನ ಮನೆ ಇದೆ, ಅದಕ್ಕೇನೂ ತೊಂದರೆ ಇಲ್ಲ. ಆದರೆ ಬಿಪಿ ಮಾತ್ರೆ, ಕವಳದ ಎಲೆ ಅಡಿಕೆ, ಮೊಮ್ಮಗಳು ಶಾಲೆಗೆ ಹೊರಟಾಗ ಕೈಗಿಡೋ ಹತ್ತು ರೂಪಾಯಿ, ಇದೆಲ್ಲ ಆ ದುಡ್ಡಲ್ಲೇ. ಸೊಸೆ ಹತ್ತಿರ ಕೇಳಬಾರದು ಅನ್ನೋದು ಅಜ್ಜಿಯ ಹಟ. ಆ ಹಟವನ್ನ ತಿಂಗಳು ತಿಂಗಳು ಕಾಪಾಡ್ತಾ ಇದ್ದಿದ್ದು ಪೋಸ್ಟು.

ಜೂನ್ ಮೊದಲ ವಾರ ಅಜ್ಜಿ ದಿನಾ ಮಾಸ್ತರ ಜಗಲಿಗೆ ಬಂದು ಕೂರೋಕೆ ಶುರು ಮಾಡಿದರು. ಮಾತ್ರೆ ಮುಗಿದಿದೆ ಅಂತ ಅವರು ಯಾರಿಗೂ ಹೇಳಿರಲಿಲ್ಲ. ಅರ್ಧ ಅರ್ಧ ಮಾಡಿ ನುಂಗ್ತಾ ಇದ್ದದ್ದು ಸೊಸೆಗೆ ಗೊತ್ತಾಗಿದ್ದೇ ತಲೆ ಸುತ್ತಿ ಕೂತುಬಿಟ್ಟ ದಿನ. ‘ನನ್ ಹತ್ರ ಒಂದ್ ಮಾತು ಹೇಳಬಾರದಿತ್ತಾ ಅತ್ತೆ?’ ಅಂತ ಆ ಸೊಸೆ ಅತ್ತದ್ದನ್ನ ನಾನು ನೋಡಿದೀನಿ.

ಕಿರಾಣಿ ಅಂಗಡಿಯಲ್ಲೂ ಇದರ ಬಿಸಿ ತಟ್ಟಿತು. ಪಿಂಚಣಿ ಬಂದ ದಿನ ಉದ್ರಿ ತೀರಿಸೋ ಗಿರಾಕಿಗಳು ಎಂಟು ಹತ್ತು ಮಂದಿ. ಅವರ ಸಾಲ ಉಳಿದರೆ ಅಂಗಡಿಯವರು ಪೇಟೆಯ ಸಗಟು ವ್ಯಾಪಾರಿಗೆ ಕೊಡೋ ದುಡ್ಡು ಉಳಿಯುತ್ತೆ. ಮಳೆಗಾಲಕ್ಕೆ ಸಾಮಾನು ತುಂಬಿಸಿಕೊಳ್ಳೋ ಹೊತ್ತು ಬೇರೆ. ‘ಮಾಸ್ತರೇ, ನಿಮ್ಮ ಮುಷ್ಕರ ನನ್ನ ಉದ್ರಿ ಪುಸ್ತಕದಲ್ಲಿ ನಡೀತಾ ಇದೆ’ ಅಂತ ಅವರು ನಗ್ತಾನೇ ಹೇಳಿದರು. ಆದರೆ ಅದು ಬರೀ ತಮಾಷೆ ಆಗಿರಲಿಲ್ಲ.

ಫೋನ್ ಇದ್ದವರು, ಇಲ್ಲದವರು

ಕೇರಿಯ ಒಬ್ಬ ಹುಡುಗ ಡಿಪ್ಲೊಮಾ ಮುಗಿಸಿ ಕೆಲಸ ಹುಡುಕ್ತಾ ಇದ್ದ. ಸಂದರ್ಶನದ ಪತ್ರ ಸ್ಪೀಡ್ ಪೋಸ್ಟ್‌ನಲ್ಲಿ ಬರಬೇಕಿತ್ತು. ಕಂಪನಿಯವರು ಕೊಟ್ಟ ನಂಬರ್ ಹಾಕಿ ದಿನಾ ಟ್ರ್ಯಾಕ್ ಮಾಡ್ತಾ ಇದ್ದ. ಬೆಂಗಳೂರು ಬಿಟ್ಟಿತು, ಜಿಲ್ಲೆಗೆ ಬಂತು, ನಮ್ಮ ಪೇಟೆಯ ಕಚೇರಿಗೂ ಬಂತು. ಆಮೇಲೆ ಪರದೆ ಮೇಲೆ ಅಕ್ಷರ ಕದಲಲೇ ಇಲ್ಲ. ಮೂರನೇ ದಿನ ಬಸ್ ಹತ್ತಿ ಹೋಗಿ, ಆಧಾರ್ ಕಾರ್ಡ್ ತೋರಿಸಿ, ಅಲ್ಲಿಂದಲೇ ಬಿಡಿಸಿಕೊಂಡು ಬಂದ. ಅವನಿಗೆ ನಷ್ಟ ಆಗಿದ್ದು ಅರ್ಧ ದಿನ ಮತ್ತು ಬಸ್ ಚಾರ್ಜು.

ಅದೇ ಪೇಟೆಯ ಕಚೇರಿಯಲ್ಲಿ ನಮ್ಮೂರಿನ ಇನ್ನೂ ಎಷ್ಟೋ ಲಕೋಟೆಗಳು ಕೂತಿದ್ದವು. ಬಂಗಾರದ ಸಾಲ ಕಟ್ಟದವರಿಗೆ ಬ್ಯಾಂಕಿನ ನೋಟಿಸು, ಜಾಗದ ತಕರಾರಿಗೆ ಕೋರ್ಟಿನ ರಿಜಿಸ್ಟರ್ ಕಾಗದ, ಯಾರದೋ ಆಧಾರ್, ಯಾರದೋ ಪಾನ್ ಕಾರ್ಡು. ಹುಡುಗನಿಗೆ ತನ್ನ ಕಾಗದ ಎಲ್ಲಿದೆ ಅಂತ ಗೊತ್ತಿತ್ತು, ಅದಕ್ಕೇ ಹೋಗಿ ತಂದ. ಉಳಿದವರಿಗೆ ತಮಗೆ ಕಾಗದ ಬಂದಿದೆ ಅನ್ನೋದೇ ಗೊತ್ತಿರಲಿಲ್ಲ. ನೋಟಿಸಿನ ಗಡುವಿಗೆ ಮುಷ್ಕರದ ರಜೆ ಇರುತ್ತಾ? ಕಾಗದ ಕೈಗೆ ಬರುವಾಗ ದಿನ ಕಳೆದುಹೋಗಿದ್ದರೆ ಹೇಳೋದು ಯಾರಿಗೆ?

ಇನ್ನು ಉಳಿತಾಯದ ಲೆಕ್ಕ. ನಮ್ಮ ಕೇರಿಯ ಹೆಂಗಸರಲ್ಲಿ ಹೆಚ್ಚಿನವರದ್ದು ಪೋಸ್ಟ್ ಆಫೀಸಿನ ಆರ್‌ಡಿ. ತಿಂಗಳಿಗೆ ನೂರು, ಇನ್ನೂರು, ಹಾಲಿನ ದುಡ್ಡಲ್ಲಿ ಉಳಿಸಿದ್ದು. ತಿಂಗಳ 15ರ ನಂತರ ಖಾತೆ ತೆರೆದವರು ಪ್ರತಿ ತಿಂಗಳ ಕೊನೆಯ ಕೆಲಸದ ದಿನದೊಳಗೆ ಕಂತು ಕಟ್ಟಬೇಕು. ತಪ್ಪಿದರೆ ನೂರಕ್ಕೆ ಒಂದು ರೂಪಾಯಿಯಂತೆ ದಂಡ ಅನ್ನೋದು ನಿಯಮ. ಒಂದು ರೂಪಾಯಿ ದೊಡ್ಡದಲ್ಲ ಬಿಡಿ. ಆದರೆ ಕೈಯಲ್ಲಿ ಉಳಿದ ನೂರು ರೂಪಾಯಿ ಮನೆಯಲ್ಲಿ ಉಳಿಯೋದು ಎಷ್ಟು ಕಷ್ಟ ಅನ್ನೋದು ಆ ಹೆಂಗಸರಿಗೇ ಗೊತ್ತು. ಶಾಲೆ ಶುರುವಾಗೋ ಹೊತ್ತು, ಕೊಡೆ, ಚಪ್ಪಲಿ, ನೋಟ್‌ಬುಕ್ಕು. ಆರ್‌ಡಿ ದುಡ್ಡು ಅದಕ್ಕೇ ಹೋಯ್ತು. ಮುಂದಿನ ತಿಂಗಳು ಎರಡು ಕಂತು ಒಟ್ಟಿಗೆ ಕಟ್ಟಬೇಕಾಯ್ತು.

ಮುಷ್ಕರ ಮಾಡಿದವರು ಯಾರು?

ಇಷ್ಟು ಓದಿದ ಮೇಲೆ ‘ಬಡವರಿಗೆ ತೊಂದರೆ ಕೊಟ್ಟು ಇವರು ಮುಷ್ಕರ ಮಾಡಬೇಕಿತ್ತಾ?’ ಅಂತ ಅನ್ನಿಸಬಹುದು. ನಮ್ಮೂರಲ್ಲೂ ಒಬ್ಬರು ಮಾಸ್ತರ ಎದುರೇ ಹಾಗೆ ಕೇಳಿದರು. ಉತ್ತರ ಸಿಗಬೇಕಾದರೆ ಮಾಸ್ತರ ಕೆಲಸ ಹೇಗಿರುತ್ತೆ ಅಂತ ಸ್ವಲ್ಪ ತಿಳ್ಕೋಬೇಕು.

ಗ್ರಾಮೀಣ ಡಾಕ್ ಸೇವಕ ಅಂದರೆ ಇಲಾಖೆಯ ಕಾಯಂ ನೌಕರ ಅಲ್ಲ. 150 ವರ್ಷಕ್ಕೂ ಹಳೆಯ ಪದ್ಧತಿ ಇದು. ಪೂರ್ತಿ ಹೊತ್ತಿನ ನೌಕರರನ್ನ ಇಡುವಷ್ಟು ಕೆಲಸ ಇಲ್ಲದ ಊರುಗಳಲ್ಲಿ ಸ್ಥಳೀಯರೊಬ್ಬರನ್ನ ದಿನಕ್ಕೆ ಕೆಲವು ಗಂಟೆ ಇಟ್ಟುಕೊಳ್ಳೋ ಏರ್ಪಾಡು. ಮೊದಲು ಇವರನ್ನ ‘ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್’ ಅಂತಲೇ ಕರೆಯುತ್ತಿದ್ದರು, ಇಲಾಖೆಯ ಹೊರಗಿನವರು ಅಂತ. 1977ರಲ್ಲಿ ಪಿ.ಕೆ. ರಾಜಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇವರ ಹುದ್ದೆಯೂ ಸರ್ಕಾರದ ನಾಗರಿಕ ಹುದ್ದೆಯೇ ಅಂತ ಹೇಳಿತು. ಆದರೂ ಕಾಯಂ ನೌಕರರ ಸಂಬಳ, ಪಿಂಚಣಿ ಇವರಿಗೆ ಬರಲಿಲ್ಲ.

ಇವರಿಗೆ ಸಿಗೋದಕ್ಕೆ ಸಂಬಳ ಅನ್ನೋ ಹೆಸರೂ ಇಲ್ಲ. ಅದು ಭತ್ಯೆ, ಕೆಲಸದ ಗಂಟೆ ನೋಡಿ ಕೊಡೋದು. 2018ರ ಮುಷ್ಕರದ ಹೊತ್ತಿಗೆ ಕೆಳಗಿನ ಹಂತದವರ ಮೂಲ ಭತ್ಯೆ ತಿಂಗಳಿಗೆ 2,295 ರೂಪಾಯಿ, ತುಟ್ಟಿಭತ್ಯೆ ಅದರ ಮೇಲೆ ಬೇರೆ. ಹೊಟ್ಟೆಪಾಡಿಗೆ ಬೇರೆ ಆದಾಯ ಇರಬೇಕು ಅಂತ ನಿಯಮವೇ ಹೇಳುತ್ತೆ. ಪೋಸ್ಟ್ ಆಫೀಸಿಗೆ ಜಾಗ ಹೊಂದಿಸಿಕೊಡೋದೂ ಬ್ರಾಂಚ್ ಪೋಸ್ಟ್ ಮಾಸ್ಟರದ್ದೇ ಜವಾಬ್ದಾರಿ. ಹಾಗಾಗಿ ನಮ್ಮೂರಿನ ಪೋಸ್ಟ್ ಆಫೀಸು ಮಾಸ್ತರ ಜಗಲಿಯಲ್ಲಿರೋದು ಪ್ರೀತಿಯಿಂದ ಅಲ್ಲ, ನಿಯಮದಿಂದ. ಅರ್ಧ ದಿನದ ಕೆಲಸ ಅಂತ ಕಾಗದದಲ್ಲಿದೆ. ಆದರೆ ಸಂಜೆ ಏಳಕ್ಕೆ ಬಂದು ‘ಮಾಸ್ತರೇ, ಈ ಫಾರಂ ಒಂದು ತುಂಬಿಕೊಡಿ’ ಅನ್ನೋರಿಗೆ ‘ಗಂಟೆ ಮುಗೀತು’ ಅನ್ನೋಕಾಗುತ್ತಾ? ಅದೇ ಊರಲ್ಲಿ ಬಾಳಬೇಕಲ್ಲ.

ಇವರ ವೇತನ ಪರಿಷ್ಕರಣೆಗೆ ಅಂತ ಸರ್ಕಾರ ಕಮಲೇಶ್ ಚಂದ್ರ ಸಮಿತಿ ಮಾಡಿತ್ತು. ಸಮಿತಿ 2016ರ ನವೆಂಬರ್‌ನಲ್ಲೇ ವರದಿ ಕೊಟ್ಟಿತು. ಒಂದೂವರೆ ವರ್ಷ ಆದರೂ ವರದಿ ಜಾರಿ ಆಗಲಿಲ್ಲ. ಅದನ್ನ ಜಾರಿ ಮಾಡಿ ಅನ್ನೋದೇ ಮುಷ್ಕರದ ಮುಖ್ಯ ಬೇಡಿಕೆ.

ನಮ್ಮ ಮಾಸ್ತರು ಬೆಳಗಿನ ಬಸ್ಸಿಗೆ ಪೇಟೆಗೆ ಹೋಗಿ ಧರಣಿಯಲ್ಲಿ ಕೂತು ಸಂಜೆ ವಾಪಸ್ ಬರ್ತಾ ಇದ್ದರು. ಬಸ್ ಇಳಿದರೆ ಎದುರಿಗೇ ಅಜ್ಜಿ. ಫ್ಯಾಕ್ಟರಿ ಮುಷ್ಕರದಲ್ಲಿ ಗೇಟಿನ ಈಚೆ ಒಬ್ಬರು, ಆಚೆ ಒಬ್ಬರು. ಇಲ್ಲಿ ಇಬ್ಬರಿಗೂ ಒಂದೇ ಜಗಲಿ. ‘ಇವತ್ತಾದ್ರೂ ಬಂತೇನೋ?’ ಅಂತ ಅಜ್ಜಿ ಕೇಳೋದು, ‘ಇಲ್ಲ ಅಮ್ಮ, ನಂದೂ ಬಂದಿಲ್ಲ’ ಅಂತ ಅವರು ಹೇಳೋದು. ಒಂದು ದಿನ ಅಜ್ಜಿ ಅವರನ್ನ ಮೇಲಿಂದ ಕೆಳಗೆ ನೋಡಿ, ‘ನಿಂಗೂ ಇಲ್ಲ, ನಂಗೂ ಇಲ್ಲ. ಕೂತ್ಕೋ, ಚಾ ಕುಡಿ’ ಅಂದರು. ಮಾಸ್ತರ ಹೆಂಡತಿ ಇಬ್ಬರಿಗೂ ಚಾ ತಂದಿಟ್ಟರು. ಅಜ್ಜಿಗೆ ಸಮಿತಿ, ವರದಿ ಏನೂ ಗೊತ್ತಿರಲಿಲ್ಲ. ಇಷ್ಟು ವರ್ಷ ತನ್ನ ದುಡ್ಡು ತಂದುಕೊಟ್ಟವನ ಜೇಬೂ ಖಾಲಿ ಅನ್ನೋದು ಮಾತ್ರ ಆಗ ಗೊತ್ತಾಯ್ತು.

ನನಗೆ ಇಲ್ಲಿ ಇಬ್ಬರ ಕಡೆಯೂ ನ್ಯಾಯ ಕಾಣುತ್ತೆ. ಒಂದೂವರೆ ವರ್ಷ ಕಾದವರಿಗೆ ಕೆಲಸ ನಿಲ್ಲಿಸೋದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಆದರೆ ಅವರು ಕೆಲಸ ನಿಲ್ಲಿಸಿದ್ದರ ಪೆಟ್ಟು ದೆಹಲಿಗೆ ಬಿದ್ದಿದ್ದಕ್ಕಿಂತ ಅಜ್ಜಿಯ ಮಾತ್ರೆ ಡಬ್ಬಿಗೆ ಬಿದ್ದಿದ್ದು ಹೆಚ್ಚು. ದಿನಪತ್ರಿಕೆಯ ಮುಖಪುಟಕ್ಕೆ ಬರದವರ ಮುಷ್ಕರದಿಂದ ತೊಂದರೆ ಆಗೋದು, ಮುಖಪುಟಕ್ಕೆ ಬರದ ಇನ್ನೊಂದಿಷ್ಟು ಜನಕ್ಕೆ. ಅದಕ್ಕೇ 16 ದಿನ ಎಳೆಯಿತು ಅಂತ ನನಗನ್ನಿಸುತ್ತೆ. ಬೆಂಗಳೂರಿನ ಕಚೇರಿಗಳಿಗೆ ಅಂಚೆ ನಿಂತಿದ್ದರೆ ಎಷ್ಟು ದಿನ ಎಳೀತಿತ್ತು?

ಪೆಟ್ಟು ಹೀಗೇ ಬೀಳಬೇಕು ಅಂತೇನೂ ಇಲ್ಲ. 2024ರಲ್ಲಿ ಕೆನಡಾದಲ್ಲಿ ಅಂಚೆ ನೌಕರರು ನವೆಂಬರ್ 15ರಿಂದ ಒಂದು ತಿಂಗಳು ಮುಷ್ಕರ ಮಾಡಿದರು. ಅಲ್ಲಿ ಉಳಿದ ಪತ್ರ, ಪಾರ್ಸೆಲ್ ಎಲ್ಲಾ ನಿಂತರೂ ವೃದ್ಧಾಪ್ಯ ಪಿಂಚಣಿ, ಮಕ್ಕಳ ಭತ್ಯೆಯಂಥ ಸರ್ಕಾರಿ ಚೆಕ್ಕುಗಳನ್ನ ಮಾತ್ರ ಹಂಚೋದು ಅಂತ ನೌಕರರ ಸಂಘ ಮತ್ತು ಅಂಚೆ ಸಂಸ್ಥೆಯ ನಡುವೆ ಮೊದಲೇ ಒಪ್ಪಂದ ಇತ್ತು. ಜಗಳ ಸಂಸ್ಥೆಯ ಜೊತೆ, ಪಿಂಚಣಿಯ ಅಜ್ಜಿ ಜೊತೆ ಅಲ್ಲ ಅನ್ನೋದನ್ನ ಎರಡೂ ಕಡೆಯವರು ಕಾಗದದಲ್ಲಿ ಬರೆದುಕೊಂಡಿದ್ದರು. ಮುಷ್ಕರ ಬಂದ ಮೇಲೆ ಮಾಡೋ ಕೆಲಸ ಅಲ್ಲ ಇದು, ಶಾಂತಿ ಇರುವಾಗ ಕೂತು ಮಾತಾಡಿ ಇಟ್ಟುಕೊಳ್ಳಬೇಕಾದ್ದು. ನಮ್ಮಲ್ಲೂ ಆಗಬಹುದಲ್ವಾ?

ಆಮೇಲೆ ಏನಾಯ್ತು?

ಜೂನ್ 6ರಂದು ಕೇಂದ್ರ ಸಂಪುಟ ಹೊಸ ಭತ್ಯೆಗೆ ಒಪ್ಪಿಗೆ ಕೊಟ್ಟಿತು, ಮುಷ್ಕರ ಮುಗಿಯಿತು. ದಿನಕ್ಕೆ 4 ಗಂಟೆ ಕೆಲಸದ ಡಾಕ್ ಸೇವಕರಿಗೆ ಕನಿಷ್ಠ 10,000 ರೂಪಾಯಿ, 5 ಗಂಟೆ ಕೆಲಸದ ಬ್ರಾಂಚ್ ಪೋಸ್ಟ್ ಮಾಸ್ಟರ್‌ಗೆ 14,500 ರೂಪಾಯಿ. ದೇಶದ 3.07 ಲಕ್ಷ ಸೇವಕರಿಗೆ ಇದರಿಂದ ಅನುಕೂಲ ಅಂತ ಸರ್ಕಾರ ಹೇಳಿತು. ನಮ್ಮೂರಿಗೆ ಒಂದೇ ದಿನ ಮೂರು ಚೀಲ ಬಂತು. ಮಾಸ್ತರು ರಾತ್ರಿ ಲೈಟ್ ಹಾಕಿಕೊಂಡು ವಿಂಗಡಿಸಿದರು. ಮಾರನೇ ದಿನ ಮೊದಲು ಹೊರಟಿದ್ದು ಕಾಗದ ಅಲ್ಲ, ಮನಿಯಾರ್ಡರು.

ಅದೇ ವರ್ಷ ಸೆಪ್ಟೆಂಬರ್ 1ಕ್ಕೆ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ದೇಶಾದ್ಯಂತ ಶುರುವಾಯ್ತು. ಈಗ ಹೆಚ್ಚಿನವರ ಪಿಂಚಣಿ ಖಾತೆಗೇ ಬರುತ್ತೆ. ಹಾಗಾದರೆ ಇನ್ನು ಪೋಸ್ಟ್ ನಿಂತರೂ ತೊಂದರೆ ಇಲ್ಲ ಅಂದುಕೊಂಡರೆ, ಸ್ವಲ್ಪ ನಿಲ್ಲಿ. ಖಾತೆಗೆ ಬಂದ ದುಡ್ಡು ಕೈಗೆ ಬರಬೇಕಲ್ಲ? ಎಟಿಎಂ ಇರೋದು ಪೇಟೆಯಲ್ಲಿ. ಹಾಗಾಗಿ ಅದೇ ಪೋಸ್ಟ್‌ಮನ್ ಈಗ ಬೆರಳಚ್ಚಿನ ಯಂತ್ರ, ಫೋನ್ ಹಿಡಿದು ಮನೆಗೆ ಬಂದು ದುಡ್ಡು ತೆಗೆದುಕೊಡ್ತಾರೆ. ಗೇಯ್ದು ಗೇಯ್ದು ಸವೆದ ಬೆರಳನ್ನ ಯಂತ್ರ ಗುರುತಿಸದೇ ಇದ್ದಾಗ ಸೆರಗಲ್ಲಿ ಒರೆಸಿ ಮತ್ತೆ ಒತ್ತಿಸ್ತಾರೆ. ನೆಟ್‌ವರ್ಕ್ ಸಿಗದಿದ್ದರೆ ಗುಡ್ಡದ ಮೇಲಿನ ಗೇರುಮರದ ಹತ್ತಿರ ಕರ್ಕೊಂಡು ಹೋಗ್ತಾರೆ. ಡಿಜಿಟಲ್ ಅಂತ ನಾವು ಕರೆಯೋದರ ಕೊನೆಯ ಏಳೆಂಟು ಕಿಲೋಮೀಟರ್ ಕೂಡ ಅವರ ಬೈಕಿನ ಮೇಲೇ ಇದೆ.

2023ರ ಡಿಸೆಂಬರ್‌ನಲ್ಲಿ ಗ್ರಾಮೀಣ ಡಾಕ್ ಸೇವಕರು ಮತ್ತೆ ಮುಷ್ಕರಕ್ಕೆ ಇಳಿದರು. ಈ ಸಲ ಎಂಟು ಗಂಟೆಯ ಕೆಲಸ ಕೊಡಿ, ಪಿಂಚಣಿ ಕೊಡಿ ಅಂತ. ಊರಿಗೆಲ್ಲ ಪಿಂಚಣಿ ಹಂಚೋರು ತಮಗೊಂದು ಪಿಂಚಣಿ ಕೇಳ್ತಾ ಇದ್ದರು.

ಮುಂದಿನ ಸಲ ಊರಿಗೆ ಹೋದಾಗ ಒಂದು ಹತ್ತು ನಿಮಿಷದ ಕೆಲಸ ಮಾಡಿ. ಮನೆಯ ಹಿರಿಯರಿಗೆ, ಅಕ್ಕಪಕ್ಕದ ಅಜ್ಜ ಅಜ್ಜಿಯರಿಗೆ ಪಿಂಚಣಿ ಹೇಗೆ ಬರುತ್ತೆ, ಬಂದ ದುಡ್ಡನ್ನ ಕೈಗೆ ತಂದುಕೊಡೋರು ಯಾರು ಅಂತ ಕೇಳಿ. ಆರ್‌ಡಿ, ಸುಕನ್ಯಾ ಸಮೃದ್ಧಿ, ಗ್ರಾಮೀಣ ಅಂಚೆ ವಿಮೆ ಇದ್ದರೆ ಕಂತಿನ ದಿನ ಯಾವುದು ಅಂತ ಬರೆದಿಟ್ಟುಕೊಳ್ಳಿ. ಅವರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಏನಾದರೂ ಬರೋದಿದ್ದರೆ ಟ್ರ್ಯಾಕಿಂಗ್ ನಂಬರ್ ನಿಮ್ಮ ಫೋನಲ್ಲೂ ಇರಲಿ. ಮಾತ್ರೆ ಒಂದು ತಿಂಗಳಿಗೆ ಹೆಚ್ಚೇ ಇರಲಿ.

ಜೊತೆಗೆ ಊರಿನ ಪೋಸ್ಟ್ ಮಾಸ್ತರ ನಂಬರ್ ಸೇವ್ ಮಾಡಿಕೊಳ್ಳಿ. ಕೆಲಸ ಇದ್ದಾಗ ಮಾತ್ರ ಅಲ್ಲ, ಸುಮ್ಮನೇ ಒಂದು ಸಲ ಫೋನ್ ಮಾಡಿ ‘ಹೇಗಿದ್ದೀರಿ, ನಿಮ್ಮ ಭತ್ಯೆ ಸರಿಯಾಗಿ ಬರ್ತಾ ಇದೆಯಾ?’ ಅಂತ ವಿಚಾರಿಸಿ. ನಿಮ್ಮ ಮನೆಯವರ ಕ್ಷೇಮ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತೆ. ಅವರ ಕ್ಷೇಮವೂ ನಮಗೆ ಸ್ವಲ್ಪ ಗೊತ್ತಿರಲಿ.